ನೆರೆ ಮತ್ತು ನೆರವು

ಕನ್ನಡ ನುಡಿಯಲ್ಲಿ ‘ನೆರೆ’ ಎಂಬ ಪದಕ್ಕೆ ಹಲವು ಅರ್ಥಗಳುಂಟು. ಕೂಡು, ಸೇರು, ತುಂಬು ಎಂಬವು ಅವುಗಳಲ್ಲಿ ಮುಖ್ಯವಾದವು. ನೀರು ನೆರೆದರೆ ಪ್ರವಾಹವೆನಿಸುತ್ತದೆ. ಜನರು ನೆರೆದರೆ ಸಭೆಯೆನಿಸುತ್ತದೆ. ಮನೆಯ ಮಗ್ಗುಲಲ್ಲಿ ಮನೆ ಕೂಡಿಕೊಂಡರೆ ನೆರೆಮನೆಯೆನಿಸುತ್ತದೆ. ಒಬ್ಬನ ಕಷ್ಟಕ್ಕೆ ಮತ್ತೊಬ್ಬನು ಕೂಡಿಬಂದರೆ ಅದಕ್ಕೆ ‘ನೆರವು’ ಎಂದು ಹೆಸರು. ಕೆಡಹುವ ನೆರೆ, ಮಗ್ಗುಲ ನೆರೆ, ಎತ್ತಿ ನಿಲ್ಲಿಸುವ ನೆರವು, ಈ ಮೂರನ್ನೂ ಹಿರಿಯರು ಒಂದೇ ಬಳ್ಳಿಯ ಕಾಯಿಗಳಂತೆ ನುಡಿಯಲ್ಲಿ ಕಟ್ಟಿಟ್ಟಿದ್ದಾರೆ. ನೀರಿನ ನೆರೆಗೆ ಜನರ ನೆರವೇ ಮದ್ದೆಂಬ ಅರಿವು ಆ ನುಡಿಯಲ್ಲಿಯೇ ಅಡಗಿದೆ.

ಆದರೆ ನೆರವೆಂಬುದು ತಾನಾಗಿ ಒದಗುವ ವಸ್ತುವಲ್ಲ. ಮನೆ ಕಳೆದುಕೊಂಡ ಗೃಹಸ್ಥನು ಅದನ್ನು ಅರಸಬೇಕು, ಕೇಳಬೇಕು, ಪಡೆಯಬೇಕು. ಪಡೆದುದನ್ನು ಮನೆಯಾಗಿ ಮಾಡಿಕೊಳ್ಳಬೇಕು. ಕೇಳುವಲ್ಲಿ ಅಭಿಮಾನವು ಅಡ್ಡ ಬರುತ್ತದೆ. ಪಡೆಯುವಲ್ಲಿ ಆಸೆಯು ಅಡ್ಡ ಬರುತ್ತದೆ. ಕೊಡುವಲ್ಲಿ ಅಹಂಕಾರವು ಅಡ್ಡ ಬರುತ್ತದೆ. ಶರಣರು ಬಾಳಿ ತೋರಿದ ಕಾಯಕ ಮತ್ತು ದಾಸೋಹಗಳೆಂಬ ಎರಡು ತತ್ತ್ವಗಳನ್ನು ಈ ಮೂರು ತೊಡಕುಗಳಿಗೆ ಹಚ್ಚಿ ನೋಡುವುದೇ ಈ ಪಾಠದ ಉದ್ದೇಶವಾಗಿದೆ. ಇದಕ್ಕೆ ಬೇಕಾದ ಸಾಮಗ್ರಿಯನ್ನು ದೂರದಿಂದ ತರಬೇಕಾಗಿಲ್ಲ. ಬಾದಾಮಿ, ಹುನಗುಂದ ಸೀಮೆಯು ೨೦೦೯ರಲ್ಲಿ ಮತ್ತು ೨೦೧೯ರಲ್ಲಿ ಕಂಡ ಅನುಭವವೇ ಸಾಕು.

೧. ಮಲಪ್ರಭೆಯ ಸ್ವರೂಪ

ಮಲಪ್ರಭೆಯು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತದೆ. ಸವದತ್ತಿ ಸೀಮೆಯ ನವಿಲುತೀರ್ಥದ ಅಣೆಕಟ್ಟಿನಲ್ಲಿ ತಂಗಿ, ಮುಂದೆ ಬಾದಾಮಿ ತಾಲೂಕನ್ನು ಹೊಕ್ಕು, ಶಿವಯೋಗಮಂದಿರ, ಪಟ್ಟದಕಲ್ಲು, ಐಹೊಳೆಗಳನ್ನು ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಚಾಲುಕ್ಯರ ಶಿಲ್ಪಿಗಳು ದೇಗುಲಗಳನ್ನು ಎಬ್ಬಿಸಿದುದು ಇದರ ದಂಡೆಯಲ್ಲಿ. ಹಾನಗಲ್ಲ ಕುಮಾರ ಶಿವಯೋಗಿಗಳು ೧೯೦೯ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದುದೂ ಇದರ ದಂಡೆಯಲ್ಲಿಯೇ. ಹೀಗೆ ಭಕ್ತರ ಪಾಲಿಗೆ ಈ ಹೊಳೆಯು ತೀರ್ಥಸಮಾನವಾದುದು.

ಆದರೂ ಹೊಳೆಯು ಹೊಳೆಯೇ. ವರ್ಷದ ಬಹುಭಾಗದಲ್ಲಿ ಅದು ಬತ್ತಿದಂತೆ ಕಾಣುತ್ತದೆ. ಸುಮಾರು ೩೭ ಟಿ.ಎಂ.ಸಿ. ನೀರನ್ನು ಹಿಡಿಯುವ ನವಿಲುತೀರ್ಥದ ರೇಣುಕಾಸಾಗರವು ತುಂಬದ ವರ್ಷಗಳಲ್ಲಿ ಕೆಳದಂಡೆಯ ಊರುಗಳಿಗೆ ಹೊಳೆಯ ಭಯವೇ ಮರೆತುಹೋಗುತ್ತದೆ. ಆಗ ಪಾತ್ರದೊಳಗೆ ಬೆಳೆ ಇಳಿಯುತ್ತದೆ. ದಂಡೆಯಲ್ಲಿ ಜಾಲಿ ಹಬ್ಬುತ್ತದೆ. ಹರಿಯುವ ದಾರಿ ಕಿರಿದಾಗುತ್ತದೆ. ಬಳಿಕ ಒಂದು ವರ್ಷ ಖಾನಾಪುರದ ಮಲೆಯಲ್ಲಿ ಮಳೆ ಸುರಿದು, ಅಣೆಕಟ್ಟು ತುಂಬಿ, ಬಾಗಿಲುಗಳನ್ನು ತೆರೆಯಬೇಕಾಗಿ ಬಂದಾಗ, ನದಿಯು ತನ್ನ ಹಳೆಯ ಜಾಗವನ್ನು ಮರಳಿ ಕೇಳುತ್ತದೆ. ಅತ್ತ ಹುಬ್ಬಳ್ಳಿ, ನವಲಗುಂದ ಸೀಮೆಯ ಎರೆಹೊಲಗಳ ನೀರನ್ನೆಲ್ಲ ಹೊತ್ತು ತರುವ ಬೆಣ್ಣಿಹಳ್ಳವೂ ಬಂದು ಮಲಪ್ರಭೆಗೇ ಸೇರುತ್ತದೆ.

೨೦೦೯ರ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಹಿಡಿದ ಮಳೆ ಅಕ್ಟೋಬರ್ ಮೊದಲ ದಿನಗಳವರೆಗೂ ಬಿಡಲಿಲ್ಲ. ಅಂದು ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಲಕ್ಷಗಟ್ಟಲೆ ಮನೆಗಳು ಬಿದ್ದವು ಇಲ್ಲವೆ ಜಖಂಗೊಂಡವು. ಹೊಳೆಯಿಂದ ದೂರವಿದ್ದ ಊರುಗಳಲ್ಲಿಯೂ ಮಳೆಯ ಹೊಡೆತಕ್ಕೇ ಮಾಳಿಗೆಗಳು ಕುಸಿದವು. ಹತ್ತು ವರ್ಷಗಳ ತರುವಾಯ, ೨೦೧೯ರ ಆಗಸ್ಟ್ ತಿಂಗಳಲ್ಲಿ, ಮಲಪ್ರಭೆ, ಘಟಪ್ರಭೆ, ಕೃಷ್ಣೆಗಳು ಒಟ್ಟಿಗೆ ಉಕ್ಕಿದವು. ಆ ಸಲ ಪಟ್ಟದಕಲ್ಲಿನ ದೇಗುಲಗಳ ಅಂಗಳಕ್ಕೂ ನೀರು ನುಗ್ಗಿತು. ರಾಜ್ಯದ ೨೨ ಜಿಲ್ಲೆಗಳ ೧೦೩ ತಾಲೂಕುಗಳನ್ನು ಸರಕಾರವು ನೆರೆಪೀಡಿತವೆಂದು ಎಣಿಸಿತು.

ಈ ಸೀಮೆಯ ಹಳೆಯ ಮನೆಗಳು ಕಲ್ಲುಮಣ್ಣಿನವು. ಕಲ್ಲಿನ ಸಂದಿಗೆ ಕೆಸರು, ಮೇಲೆ ತೊಲೆ ಜಂತೆ, ಅದರ ಮೇಲೆ ಮಣ್ಣು ಹಾಸಿದ ಮಾಳಿಗೆ. ಬಿಸಿಲಿಗೆ ತಂಪಾಗಿ, ಚಳಿಗೆ ಬೆಚ್ಚಗಾಗಿ ಅಜ್ಜ ಮುತ್ತಜ್ಜರನ್ನು ಸಾಕಿದ ಮನೆಗಳವು. ಆದರೆ ನಿಂತ ನೀರು ಅವುಗಳ ವೈರಿ. ಬುಡದ ಕೆಸರು ಕರಗಿದರೆ ಕಲ್ಲಿಗೆ ಕಲ್ಲು ಅಂಟದು; ಮಾಳಿಗೆಯ ಮಣ್ಣು ನೀರು ಕುಡಿದರೆ ತೊಲೆಗೆ ಭಾರ ತಾಳದು. ನೀರು ನಿಂತಾಗ ನಿಂತೇ ಇದ್ದ ಗೋಡೆಯು ನೀರು ಇಳಿದ ಮೇಲೆ ಕುಸಿಯುವುದುಂಟು. ಹಗೇವಿನಲ್ಲಿದ್ದ ಜೋಳ ಹುಳಿತು ನಾರುತ್ತದೆ, ಬಣವೆ ತೇಲಿಹೋಗುತ್ತದೆ, ನೇಕಾರನ ಮಗ್ಗದ ಕುಣಿಯಲ್ಲಿ ಕೆಸರು ತುಂಬುತ್ತದೆ, ಪೆಟ್ಟಿಗೆಯೊಳಗಿನ ಮನೆಯ ಕಾಗದಗಳು ಮುದ್ದೆಯಾಗುತ್ತವೆ. ಒಂದು ರಾತ್ರಿಯಲ್ಲಿ ಗೃಹಸ್ಥನು ನಿರ್ಗತಿಕನಾಗುತ್ತಾನೆ.

೨. ಕೇಳುವುದು ಹೀನವೇ?

ಇಂಥ ಗೃಹಸ್ಥನ ಮೊದಲನೆಯ ತೊಡಕು ನಾಚಿಕೆ. ದಾಸೋಹಕ್ಕೆ ಚೀಲ ಜೋಳ ಕಳಿಸುತ್ತಿದ್ದ ಮನೆತನವು ಇಂದು ಗಂಜಿ ಕೇಂದ್ರದ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುವುದೆಂತು? ಕೊಟ್ಟು ರೂಢಿಯಾದ ಕೈಯನ್ನು ಒಡ್ಡುವುದೆಂತು? ಹೀಗೆಂದು ಹಿಂದೆ ಸರಿದು ನಿಂತವರು ಊರೂರಿಗೆ ಇರುತ್ತಾರೆ. ಅವರ ಹೆಸರು ಪಟ್ಟಿಗೆ ಬರುವುದಿಲ್ಲ; ಅವರ ಮಕ್ಕಳು ಮಳೆಯಲ್ಲಿ ಉಳಿಯುತ್ತಾರೆ.

ಶೂನ್ಯಸಂಪಾದನೆಯಲ್ಲಿ ಬರುವ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಪ್ರಸಂಗವು ಇಲ್ಲಿ ಮನನಯೋಗ್ಯವಾದುದು. ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವನು. ಲಕ್ಕಮ್ಮನು ಅದನ್ನು ಅಟ್ಟು ಜಂಗಮ ದಾಸೋಹ ಮಾಡುವಳು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಒಪ್ಪಲಿಲ್ಲ. ನಿತ್ಯಕ್ಕೆ ಬೇಕಾದುದನ್ನು ಇರಿಸಿಕೊಂಡು, ಮಿಕ್ಕುದನ್ನು ಇದ್ದಲ್ಲಿಯೇ ಚೆಲ್ಲಿ ಬರುವಂತೆ ಪತಿಯನ್ನು ಹಿಂದಕ್ಕೆ ಕಳಿಸಿದಳು.

ಈ ಪ್ರಸಂಗವನ್ನು ಆಸೆಯ ನಿಷೇಧಕ್ಕಾಗಿ ಮಾತ್ರ ಹೇಳುವುದು ವಾಡಿಕೆ. ಆದರೆ ಅದರಲ್ಲಿ ಎರಡು ಮುಖಗಳಿವೆ. ಮಾರಯ್ಯನು ಮತ್ತೊಬ್ಬರ ಅಂಗಳದ ಅಕ್ಕಿಯನ್ನು ಆಯ್ದುದನ್ನು ಶರಣರು ಯಾರೂ ಭಿಕ್ಷೆಯೆಂದು ಹೀಗಳೆಯಲಿಲ್ಲ; ಬಾಗಿ ಆಯುವ ದುಡಿಮೆಯನ್ನು ಕಾಯಕವೆಂದೇ ಮನ್ನಿಸಿದರು. ಇದು ಮೊದಲನೆಯ ಮುಖ. ಅಗತ್ಯಕ್ಕೆ ಮೀರಿದುದು ಮನೆಯೊಳಗೆ ಬರಲಾಗದೆಂದುದು ಎರಡನೆಯ ಮುಖ. ಇವೆರಡನ್ನೂ ಕೂಡಿಸಿ ನೋಡಿದರೆ ನೆರೆಯಲ್ಲಿ ಮನೆ ಕಳೆದವನಿಗೆ ಸ್ಪಷ್ಟವಾದ ಮಾರ್ಗ ದೊರೆಯುತ್ತದೆ. ಬಿದ್ದ ಮನೆಯ ಮಟ್ಟಿಗೆ ಕೇಳುವುದು ಹೀನವಲ್ಲ. ಬೀಳದ ಕೊಟ್ಟಿಗೆಯನ್ನು ಬಿದ್ದ ಮನೆಯೆಂದು ಬರೆಯಿಸುವುದು ಹೀನ. ಬಿದ್ದುದು ನಿಜವಾಗಿದ್ದೂ ಅಭಿಮಾನಕ್ಕೆ ಕಟ್ಟುಬಿದ್ದು ಕೇಳದಿರುವುದು ಮನೆಯವರ ಪಾಲಿಗೆ ಮಾಡುವ ಅನ್ಯಾಯ.

ಸರಕಾರದ ಪರಿಹಾರವೆಂದರೆ ಯಾರೋ ಒಬ್ಬರ ಬೊಕ್ಕಸದ ದಾನವಲ್ಲ. ಬಟ್ಟೆ, ಗೊಬ್ಬರಗಳ ಬೆಲೆಯೊಡನೆ ಎಲ್ಲರೂ ತೆತ್ತ ತೆರಿಗೆಯೇ ಒಟ್ಟಾಗಿ ಕಷ್ಟಕಾಲದಲ್ಲಿ ಮರಳಿ ಬರುತ್ತದೆ. ಅದನ್ನು ಕೇಳುವವನು ತಲೆ ತಗ್ಗಿಸಬೇಕಾದುದಿಲ್ಲ. ಆದರೆ ಅದು ಮಿತಿಯುಳ್ಳ ಹಣವಾದುದರಿಂದ, ಸುಳ್ಳು ಹೆಸರೊಂದು ಪಟ್ಟಿಗೆ ಸೇರಿದರೆ ಪಟ್ಟಿಯ ಮೇಲೆ ಇಡಿಯ ಊರಿಗೆ ಅನುಮಾನ ಬರುತ್ತದೆ. ಮರುಪರಿಶೀಲನೆಯ ಹೆಸರಿನಲ್ಲಿ ನಿಜವಾದ ಬಡವರ ಕಂತೂ ನಿಲ್ಲುತ್ತದೆ. ಲಕ್ಕಮ್ಮನು ಹಿಂದಿರುಗಿಸಿದ ಅಕ್ಕಿಯ ಅರ್ಥವು ಇಲ್ಲಿ ಪ್ರತ್ಯಕ್ಷವಾಗುತ್ತದೆ.

೩. ಕಾಗದದ ಕೆಲಸವೂ ಕಾಯಕವೇ

ಎರಡನೆಯ ತೊಡಕು ಕಾಗದದ್ದು. ೨೦೧೯ರಲ್ಲಿ ನಡೆದ ಕ್ರಮವನ್ನು ತಿಳಿದರೆ ಇದರ ಸ್ವರೂಪ ಅರಿವಾಗುತ್ತದೆ. ಮನೆಗೆ ನೀರು ನುಗ್ಗಿದ ಕುಟುಂಬಕ್ಕೆ ತತ್ಕಾಲಕ್ಕೆ ೧೦,೦೦೦ ರೂಪಾಯಿ ಕೊಡಲಾಯಿತು. ಇದರಲ್ಲಿ ೩,೮೦೦ ರೂಪಾಯಿ ವಿಪತ್ತು ಪರಿಹಾರ ನಿಧಿಯ ಮಾನದಂಡದಂತೆ ಬಟ್ಟೆಬರೆಗೂ ಪಾತ್ರೆಪಗಡಿಗೂ ಸಲ್ಲುವ ಮೊತ್ತ. ಉಳಿದುದನ್ನು ರಾಜ್ಯ ಸರಕಾರವು ಸೇರಿಸಿತು. ಬಳಿಕ ಬಿದ್ದ ಮನೆಗಳನ್ನು ಹಾನಿಯ ಪ್ರಮಾಣಕ್ಕೆ ತಕ್ಕಂತೆ ಮೂರು ವರ್ಗ ಮಾಡಿದರು. ನೂರಕ್ಕೆ ೭೫ಕ್ಕಿಂತ ಹೆಚ್ಚು ಹಾಳಾದುದು ‘ಎ’ ವರ್ಗ. ೨೫ರಿಂದ ೭೫ರವರೆಗಿನದು ‘ಬಿ’ ವರ್ಗ. ೧೫ರಿಂದ ೨೫ರವರೆಗಿನದು ‘ಸಿ’ ವರ್ಗ. ‘ಎ’ ವರ್ಗದ ಮನೆಗೆ ೫ ಲಕ್ಷ ರೂಪಾಯಿ ಗೊತ್ತಾಯಿತು. ‘ಬಿ’ ವರ್ಗಕ್ಕೆ ಮೊದಲು ೧ ಲಕ್ಷವೆಂದಿದ್ದುದನ್ನು ಬಳಿಕ ಏರಿಸಿ, ಕೆಡವಿ ಹೊಸದಾಗಿ ಕಟ್ಟುವವರಿಗೆ ೫ ಲಕ್ಷ, ದುರಸ್ತಿ ಮಾಡಿಕೊಳ್ಳುವವರಿಗೆ ೩ ಲಕ್ಷವೆಂದರು. ‘ಸಿ’ ವರ್ಗಕ್ಕೆ ೫೦,೦೦೦ ರೂಪಾಯಿ. ಹಣವು ಒಮ್ಮೆಲೆ ಬರದೆ, ತಳಪಾಯ, ಗೋಡೆ, ಛಾವಣಿ ಎಂದು ಕೆಲಸ ಮುಂದುವರಿದಂತೆ, ಚಿತ್ರ ತೆಗೆದು ದಾಖಲಿಸಿದ ಮೇಲೆ, ಕಂತು ಕಂತಾಗಿ ಬ್ಯಾಂಕಿನ ಖಾತೆಗೆ ಜಮೆಯಾಗುವ ಏರ್ಪಾಡು.

ಈ ಮೊತ್ತಗಳು ಎಂದೆಂದಿಗೂ ಒಂದೇ ಎಂದು ಭಾವಿಸಕೂಡದು. ಆ ಕಾಲದಲ್ಲಿ ವಿಪತ್ತು ನಿಧಿಯ ಮಾನದಂಡವು ಬಯಲುಸೀಮೆಯ ಪೂರ್ತಿ ಬಿದ್ದ ಪಕ್ಕಾ ಮನೆಗೆ ೯೫,೧೦೦ ರೂಪಾಯಿ ಮಾತ್ರ ಆಗಿತ್ತು. ಮಿಕ್ಕುದೆಲ್ಲ ರಾಜ್ಯದ ಆ ವರ್ಷದ ನಿರ್ಧಾರ. ೨೦೨೨ರಿಂದ ೨೦೨೬ರವರೆಗಿನ ಅವಧಿಗೆಂದು ಗೊತ್ತುಮಾಡಿದ ಮಾನದಂಡದಲ್ಲಿ ಅದು ೧,೨೦,೦೦೦ ರೂಪಾಯಿ ಆಯಿತು. ಆದುದರಿಂದ ಯಾವ ವರ್ಷ ನೆರೆ ಬಂದರೂ ಆ ವರ್ಷದ ಆದೇಶವೇನೆಂಬುದನ್ನು ಗ್ರಾಮ ಪಂಚಾಯಿತಿಯಲ್ಲಿಯೂ ತಹಶೀಲ್ದಾರರ ಕಚೇರಿಯಲ್ಲಿಯೂ ಕೇಳಿ ತಿಳಿಯತಕ್ಕದ್ದು. ನೆರೆಮನೆಯವನು ಹಿಂದೆ ಪಡೆದನೆಂಬ ಲೆಕ್ಕದ ಮೇಲೆ ಸಾಲ ಮಾಡಿ ಗೋಡೆ ಎಬ್ಬಿಸಕೂಡದು.

ಈ ಕ್ರಮದಲ್ಲಿ ಗೃಹಸ್ಥನು ಮಾಡಬೇಕಾದ ಕೆಲಸಗಳು ಕೆಲವಿವೆ. ಬಿದ್ದ ಮನೆಯ ಕಲ್ಲುಮಣ್ಣನ್ನು ತೆಗೆಯುವ ಮುನ್ನ ನಾಲ್ಕೂ ಕಡೆಯಿಂದ ಚಿತ್ರ ತೆಗೆಯಿಸಿ ಇಟ್ಟುಕೊಳ್ಳಬೇಕು. ಪಂಚನಾಮೆಗೆ ಅಧಿಕಾರಿಗಳು ಬಂದಾಗ ಮನೆಯವರೊಬ್ಬರು ಸ್ಥಳದಲ್ಲಿರಬೇಕು. ಯಾವ ವರ್ಗವೆಂದು ಬರೆದರೆಂಬುದನ್ನು ಅಲ್ಲಿಯೇ ಕೇಳಿಕೊಳ್ಳಬೇಕು. ಬರೆದುದು ತಪ್ಪೆಂದು ತೋರಿದರೆ ಜಗಳಕ್ಕೆ ನಿಲ್ಲದೆ, ಮರುಸಮೀಕ್ಷೆ ಮಾಡಬೇಕೆಂದು ತಹಶೀಲ್ದಾರರಿಗೆ ಲಿಖಿತ ಅರ್ಜಿ ಕೊಟ್ಟು, ಅದರ ಸ್ವೀಕೃತಿಯನ್ನು ಪಡೆಯಬೇಕು. ಮನೆಯ ಉತಾರ, ಪಡಿತರ ಚೀಟಿ, ಆಧಾರ್, ಬ್ಯಾಂಕಿನ ಪಾಸುಬುಕ್ಕು ತೊಯ್ದುಹೋಗಿದ್ದರೆ ಎದೆಗುಂದಬೇಕಾದುದಿಲ್ಲ. ಅವುಗಳ ಮೂಲ ದಾಖಲೆಯು ಕಚೇರಿಗಳಲ್ಲಿ ಇರುತ್ತದೆ. ಪ್ರತಿಯನ್ನು ಕೇಳಿ ಪಡೆಯಬಹುದು. ಹಳ್ಳಿಯ ಮನೆಗಳ ದಾಖಲೆಯು ಇ-ಸ್ವತ್ತು ವ್ಯವಸ್ಥೆಯಲ್ಲಿ ಸೇರಿದ್ದರೆ ನಮೂನೆ ೯ ಮತ್ತು ೧೧ರ ಪ್ರತಿಗಳು ಪಂಚಾಯಿತಿಯಲ್ಲಿ ದೊರೆಯುತ್ತವೆ.

ಇಷ್ಟು ಮಾಡಿದರೂ ಪಟ್ಟಿಯ ಹೊರಗೆ ಉಳಿಯುವವರು ಕೆಲವರುಂಟು. ಮನೆಯು ತೀರಿಹೋದ ಮಾವನ ಹೆಸರಿನಲ್ಲಿಯೇ ಉಳಿದಿರುವ ವಿಧವೆ. ಒಂದೇ ಮನೆಯ ಅಂಕಿಯ ಕೆಳಗೆ ಮೂರು ಒಲೆ ಹೂಡಿಕೊಂಡಿರುವ ಅಣ್ಣತಮ್ಮಂದಿರು. ಬಾಡಿಗೆಯ ಮನೆಯಲ್ಲಿ ಮಗ್ಗ ಹೂಡಿದ ನೇಕಾರ. ಹಕ್ಕುಪತ್ರವಿಲ್ಲದ ಜಾಗದಲ್ಲಿ ಗುಡಿಸಲು ಕಟ್ಟಿದ ಕೂಲಿಕಾರ. ದುಡಿಯಲು ಗೋವೆಗೋ ಮಂಗಳೂರಿಗೋ ಹೋಗಿದ್ದು, ಪಂಚನಾಮೆಯ ದಿನ ಊರಲ್ಲಿಲ್ಲದ ಕುಟುಂಬ. ಇವರ ನಷ್ಟವು ಉಳಿದವರ ನಷ್ಟಕ್ಕಿಂತ ಕಡಿಮೆಯಲ್ಲ. ಇವರ ಕಾಗದ ಮಾತ್ರ ಕಡಿಮೆ. ಅಕ್ಷರ ಬಲ್ಲ ಭಕ್ತರಿಗೆ ಇಲ್ಲಿ ದೊಡ್ಡ ಕಾಯಕವೊಂದು ಕಾದಿದೆ. ಹಣವಿಲ್ಲದವನು ಹಣದ ದಾಸೋಹವನ್ನು ಮಾಡಲಾರನು. ಆದರೆ ಒಂದು ಅರ್ಜಿಯನ್ನು ಬರೆದುಕೊಡಬಲ್ಲನು, ವಾರಸಾ ದಾಖಲೆಗಾಗಿ ವಿಧವೆಯೊಡನೆ ಬಾದಾಮಿಯ ಕಚೇರಿಗೆ ಹೋಗಿಬರಬಲ್ಲನು, ಮೂರು ಒಲೆಗಳ ಅಣ್ಣತಮ್ಮಂದಿರನ್ನು ಒಂದೆಡೆ ಕೂಡಿಸಿ, ಬಂದ ಹಣವನ್ನು ಹೇಗೆ ಹಂಚಿಕೊಳ್ಳುವಿರೆಂದು ಮೊದಲೇ ಬರೆಯಿಸಿಡಬಲ್ಲನು. ಇಂಥ ದಿನಕ್ಕೆ ಇದು ಅನ್ನದಾಸೋಹಕ್ಕೆ ಸಮನಾದುದು.

೪. ಆಸರೆ ಮನೆಗಳ ಪಾಠ

ಮೂರನೆಯ ತೊಡಕು ಕೊಡುವವರದು. ಬಾಗಲಕೋಟೆ ಜಿಲ್ಲೆಗೆ ನೀರಿನಿಂದ ಊರು ಬಿಡುವುದು ಹೊಸದಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗಗಳೇ ಮುಳುಗಿ ನವನಗರವು ಎದ್ದಿತು. ಕೂಡಲಸಂಗಮದ ಐಕ್ಯಮಂಟಪಕ್ಕೆ ಸುತ್ತಲೂ ಗೋಡೆ ಕಟ್ಟಿ ಅದನ್ನು ನೀರಿನಿಂದ ಉಳಿಸಬೇಕಾಯಿತು. ಊರು ಕಟ್ಟಿಕೊಡುವುದೆಂದರೇನೆಂದು ಈ ಜಿಲ್ಲೆಯು ಬಲ್ಲುದು.

೨೦೦೯ರ ನೆರೆಯ ತರುವಾಯ ರಾಜ್ಯ ಸರಕಾರವು ‘ಆಸರೆ’ ಎಂಬ ಯೋಜನೆಯನ್ನು ಹೂಡಿತು. ಮುಳುಗುವ ಊರುಗಳಿಗೆ ಎತ್ತರದ ಜಾಗವನ್ನು ಕೊಂಡು, ದಾನಿಗಳ ನೆರವಿನಿಂದ ಹೊಸ ಮನೆಗಳನ್ನು ಕಟ್ಟುವುದು ಅದರ ಉದ್ದೇಶ. ಇನ್ಫೋಸಿಸ್ ಪ್ರತಿಷ್ಠಾನವೊಂದೇ ಎರಡು ಸಾವಿರಕ್ಕೂ ಮಿಕ್ಕು ಮನೆಗಳನ್ನು ಕಟ್ಟಿಸಿತು. ರಾಯಚೂರು ಜಿಲ್ಲೆಯಲ್ಲಿ ಮಾತಾ ಅಮೃತಾನಂದಮಯಿ ಮಠವು ಮನೆಗಳನ್ನು ಕಟ್ಟಿಸಿತು. ಇನ್ನೂ ಅನೇಕ ಸಂಸ್ಥೆಗಳು ಊರುಗಳನ್ನು ವಹಿಸಿಕೊಂಡವು. ಇದು ನಾಡಿನ ಔದಾರ್ಯಕ್ಕೆ ಸಾಕ್ಷಿಯಾದ ಕಾರ್ಯವೆಂಬುದರಲ್ಲಿ ಸಂಶಯವಿಲ್ಲ.

ಹೀಗಿದ್ದೂ ಆಸರೆ ಬಡಾವಣೆಗಳ ಎಷ್ಟೋ ಮನೆಗಳು ವರ್ಷಗಟ್ಟಲೆ ಬೀಗ ಹಾಕಿಕೊಂಡೇ ಉಳಿದವು. ಕಾರಣಗಳು ಗೂಢವಾದವಲ್ಲ. ಒಕ್ಕಲಿಗನ ಮನೆಯೆಂದರೆ ನಾಲ್ಕು ಗೋಡೆಯಷ್ಟೇ ಅಲ್ಲ. ಎತ್ತು ಕಟ್ಟಲು ಕೊಟ್ಟಿಗೆ ಬೇಕು, ಬಣವೆ ಒಟ್ಟಲು ಹಿತ್ತಲು ಬೇಕು, ಹೊಲಕ್ಕೆ ನಡೆದುಹೋಗುವ ದಾರಿ ಬೇಕು. ನೇಕಾರನಿಗೆ ಮಗ್ಗದ ಉದ್ದಕ್ಕೆ ತಕ್ಕ ಕೋಣೆ ಬೇಕು. ಎಲ್ಲರಿಗೂ ನೀರು, ಬೆಳಕು, ರಸ್ತೆ ಬೇಕು. ಇವುಗಳಲ್ಲಿ ಒಂದಿಲ್ಲದಿದ್ದರೂ ಜನರು ಹೊಳೆಯ ಭಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ಹಳೆಯ ಜಾಗಕ್ಕೇ ಮರಳುತ್ತಾರೆ. ಮರಳಿದವರನ್ನು ೨೦೧೯ರ ನೀರು ಮತ್ತೆ ಎಬ್ಬಿಸಿತು. ಆಗ ಕೆಲವೆಡೆ ಅದೇ ಆಸರೆ ಮನೆಗಳು ಅವರಿಗೆ ತಾತ್ಕಾಲಿಕ ತಂಗುದಾಣಗಳಾದವು.

ದೋಷವು ಕಟ್ಟಿದವರ ಮನಸ್ಸಿನದಲ್ಲ, ಕ್ರಮದ್ದು. ಬಾಳಬೇಕಾದವನನ್ನು ಕೇಳದೆ ಕಟ್ಟಿದ ಮನೆಯು ಎಷ್ಟು ಗಟ್ಟಿಯಾಗಿದ್ದರೂ ಬರಿಯ ಕಟ್ಟಡವಾಗಿಯೇ ಉಳಿಯುತ್ತದೆ. ೧೯೯೩ರ ಸೆಪ್ಟೆಂಬರ್ ೩೦ರ ಕಿಲ್ಲಾರಿಯ ಭೂಕಂಪದ ತರುವಾಯ ಗಡಿಯಾಚೆ ಲಾತೂರು ಸೀಮೆಯಲ್ಲಿ ಗುತ್ತಿಗೆದಾರರಿಂದ ಇಡಿಯ ಊರುಗಳನ್ನು ಹೊಸ ಜಾಗದಲ್ಲಿ ಕಟ್ಟಿಸಿದಾಗಲೂ ಇಂಥ ತೊಡಕುಗಳೇ ತೋರಿದವು. ೨೦೦೧ರ ಜನವರಿ ೨೬ರಂದು ಕಚ್ಛದಲ್ಲಿ ಭೂಮಿ ನಡುಗಿದ ಮೇಲೆ ಗುಜರಾತಿನಲ್ಲಿ ಬೇರೊಂದು ದಾರಿ ಹಿಡಿದರು. ಹಣವನ್ನು ಕಂತುಗಳಲ್ಲಿ ಮನೆಯವನಿಗೇ ಕೊಟ್ಟು, ಗಟ್ಟಿಯಾಗಿ ಕಟ್ಟುವ ಬಗೆಯನ್ನು ಬಲ್ಲವರಿಂದ ಹೇಳಿಸಿ, ಅವನ ಜಾಗದಲ್ಲಿ ಅವನೇ ಕಟ್ಟಿಕೊಳ್ಳುವಂತೆ ಮಾಡಿದರು. ಬಹುಸಂಖ್ಯೆಯ ಜನರು ಅದನ್ನೇ ಆರಿಸಿಕೊಂಡರು. ೨೦೧೯ರಲ್ಲಿ ಕರ್ನಾಟಕವು ಅನುಸರಿಸಿದ ಕಂತಿನ ಕ್ರಮವೂ ಇದೇ ಜಾತಿಯದು.

ಇಲ್ಲಿ ಕಾಯಕತತ್ತ್ವದ ತಿರುಳು ಕಾಣಸಿಗುತ್ತದೆ. ಮನೆಯನ್ನು ಕಟ್ಟುವುದೂ ಗೃಹಸ್ಥನ ಕಾಯಕವೇ. ಅವನ ಕೈಯಿಂದ ಆ ಕೆಲಸವನ್ನು ಕಸಿದುಕೊಂಡು ಬೀಗದ ಕೈಯನ್ನು ಮಾತ್ರ ಒಪ್ಪಿಸಿದರೆ ಅದು ದಾನವಾದೀತು, ದಾಸೋಹವಾಗದು. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಕೊಳ್ಳುವವನ ಬೇಕುಬೇಡಗಳೇ ಅವನಿಗೆ ಆಜ್ಞೆ. ಕೊಡುವವನು ಮೊದಲು ಕೇಳತಕ್ಕ ಮಾತು “ಏನು ಬೇಕು?” ಎಂಬುದು. ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಮಾತು ಕಡೆಯದು. ಅದನ್ನು ಬಿಟ್ಟರೂ ನಡೆದೀತು.

೫. ಗೋಡೆ ಏಳುವಾಗ

ಹಣ ಬಂದಿತೆಂದು ಒಡನೆಯೇ ಹಳೆಯ ಗೋಡೆಯ ಮೇಲೆ ಹೊಸ ಗೋಡೆಯನ್ನು ಏರಿಸಕೂಡದು. ಕೆಲವು ಸಂಗತಿಗಳು ಎಲ್ಲ ಗೃಹಸ್ಥರಿಗೂ ತಿಳಿದಿರತಕ್ಕವು. ಅರ್ಧ ನಿಂತ ಗೋಡೆಯು ಪೂರ್ತಿ ಒಣಗುವವರೆಗೂ, ಬಲ್ಲ ಗೌಂಡಿಯು ನೋಡಿ ಹೇಳುವವರೆಗೂ, ಅದರ ನೆರಳಿನಲ್ಲಿ ಮಲಗಬಾರದು. ಕೆಸರು ತೆಗೆಯುವಾಗ ಹಾವುಚೇಳುಗಳ ಎಚ್ಚರವಿರಬೇಕು. ಬಾವಿಯ ನೀರನ್ನು ಶುದ್ಧಿ ಮಾಡುವವರೆಗೂ ಕಾಯಿಸಿಯೇ ಕುಡಿಯಬೇಕು.

ನೀರು ಎಲ್ಲಿಯವರೆಗೆ ಏರಿತ್ತೆಂಬುದನ್ನು ಗುಡಿಯ ಗೋಡೆಯ ಮೇಲೆಯೋ ಶಾಲೆಯ ಕಂಬದ ಮೇಲೆಯೋ, ವರ್ಷವನ್ನು ಬರೆದು ಗೆರೆ ಎಳೆದು ಗುರುತಿಸಿಡಬೇಕು. ಕೆಸರು ತೊಳೆದೊಡನೆ ಆ ಗುರುತು ಅಳಿಯುತ್ತದೆ. ಹತ್ತು ವರ್ಷಕ್ಕೆ ಜನರ ನೆನಪೂ ಅಳಿಯುತ್ತದೆ. ಹೊಸ ಮನೆಯ ನೆಲಗಟ್ಟು ಆ ಗೆರೆಗಿಂತ ಮೇಲಿರಬೇಕು. ಅಷ್ಟು ಎತ್ತರಿಸುವುದು ಸಾಧ್ಯವೇ ಇಲ್ಲದ ಜಾಗವಾದರೆ, ಅಲ್ಲಿ ಮನೆ ಕಟ್ಟುವುದು ಮಕ್ಕಳಿಗೆ ಸಾಲವನ್ನು ಬಿಟ್ಟುಹೋದಂತೆಯೇ ಸರಿ. ಎರೆನೆಲವು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಸ್ವಭಾವದ್ದು. ತಳಪಾಯವು ಅದನ್ನು ದಾಟಿ ಕೆಳಗಿನ ಗಟ್ಟಿ ನೆಲವನ್ನು ಮುಟ್ಟಬೇಕು. ಬುಡದ ಕೆಲವು ಅಡಿಗಳ ಕಲ್ಲುಕಟ್ಟಡಕ್ಕೆ ಮಣ್ಣಿನ ಕೆಸರನ್ನು ಬಳಸದೆ ಸಿಮೆಂಟಿನ ಗಾರೆಯನ್ನು ಹಾಕಬೇಕು. ಬಾಗಿಲುಕಿಟಕಿಗಳ ಮೇಲೆ ನಾಲ್ಕು ಗೋಡೆಗಳನ್ನೂ ಸುತ್ತಿಬರುವ ಕಾಂಕ್ರೀಟಿನ ಪಟ್ಟಿಯಿದ್ದರೆ ಮನೆಯು ಒಂದೇ ಮೈಯಾಗಿ ನಿಲ್ಲುತ್ತದೆ.

ಹಳೆಯ ಮನೆಯ ಚೌಕಟ್ಟು, ತೊಲೆ, ಕಂಬ, ಕಲ್ಲುಗಳನ್ನು ಮಾರಿಬಿಡುವ ಅವಸರ ಬೇಡ. ಬಾದಾಮಿ ಸೀಮೆಯ ಕಲ್ಲಿಗೆ ನೀರಿನಿಂದ ಕೇಡಿಲ್ಲ. ಕರಗಿದುದು ನಡುವಿನ ಮಣ್ಣು ಮಾತ್ರ. ಅಜ್ಜನು ಕಡಿಯಿಸಿದ ಕಲ್ಲು ಮೊಮ್ಮಗನ ತಳಪಾಯಕ್ಕೆ ಬಂದರೆ ಹಣವೂ ಉಳಿಯುತ್ತದೆ, ಮನೆತನದ ನಂಟೂ ಉಳಿಯುತ್ತದೆ.

ಕೆಲಸದ ಆಳಿಗೆ ಹಣ ಸಾಲದಿದ್ದರೆ ಒಕ್ಕಲುತನದಲ್ಲಿ ರೂಢಿಯಲ್ಲಿರುವ ಮುಯ್ಯಾಳಿನ ಪದ್ಧತಿಯು ಇದೆ. ಇಂದು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು ಎಂಬ ಒಪ್ಪಂದವನ್ನು ಮನೆ ಕಟ್ಟುವುದಕ್ಕೂ ಹಚ್ಚಬಹುದು. ಐದು ಮನೆಯವರು ಕೂಡಿ ಒಂದೊಂದಾಗಿ ಐದೂ ಮನೆಗಳ ತಳಪಾಯವನ್ನು ತೋಡಿದರೆ ಮೊದಲನೆಯ ಕಂತು ಎಲ್ಲರಿಗೂ ಸಾಕಾಗಿ, ಎರಡನೆಯ ಕಂತಿನ ದಾರಿ ತೆರೆಯುತ್ತದೆ. ತಳಪಾಯಕ್ಕೆ ಕೈಯಲ್ಲಿ ಕಾಸಿಲ್ಲದೆ ಕಂತೂ ಬರದೆ ನಿಂತುಹೋದ ಮನೆ, ಹಣ ತಡವಾಗಿ ಬಂದಾಗ ಬೆಲೆಯೇರಿ ಛಾವಣಿಗೆ ಸಾಲದೆ ನಿಂತ ಮನೆ, ಇವೆರಡೂ ನೆರೆಸೀಮೆಯಲ್ಲಿ ಕಾಣತಕ್ಕ ದೃಶ್ಯಗಳು. ಮೊದಲನೆಯದಕ್ಕೆ ಮುಯ್ಯಾಳೇ ಮದ್ದು. ಎರಡನೆಯದಕ್ಕೆ ಕೊಡುಗೈ ಬೇಕು.

೬. ದಾಸೋಹದ ಕಾಲಾವಧಿ

ನೆರೆ ಬಂದ ಮೊದಲ ವಾರದಲ್ಲಿ ನಾಡಿನ ಮೂಲೆಮೂಲೆಗಳಿಂದ ರೊಟ್ಟಿಯ ಗಂಟುಗಳು, ಹಾಸಿಗೆಗಳು, ಬಟ್ಟೆಯ ಮೂಟೆಗಳು ಲಾರಿಗಳಲ್ಲಿ ಬರುತ್ತವೆ. ಮಠಗಳೂ ಶಾಲೆಗಳೂ ಬಾಗಿಲು ತೆರೆಯುತ್ತವೆ. ಆ ಅನ್ನಕ್ಕೆ ಬೆಲೆ ಕಟ್ಟಲಾಗದು. ಆದರೆ ಮನೆಯು ಒಂದು ವಾರದಲ್ಲಿ ಏಳುವುದಿಲ್ಲ. ಆರು ತಿಂಗಳು ಕಳೆದ ಮೇಲೆ, ಪತ್ರಾಸಿನ ಶೆಡ್ಡಿನೊಳಗೆ ಬೇಸಿಗೆಯ ಬಿಸಿಲು ಕಾಯುವಾಗ, ಲಾರಿಗಳು ಬರುವುದಿಲ್ಲ, ವರದಿಗಾರರು ಬರುವುದಿಲ್ಲ. ನಿಜವಾದ ನೆರವಿನ ಕಾಲವು ಅದು.

ಇದಕ್ಕೆ ಮಠಗಳಲ್ಲಿಯೂ ಊರ ಹಿರಿಯರಲ್ಲಿಯೂ ಒಂದು ಸುಲಭವಾದ ಏರ್ಪಾಡು ಆಗಬೇಕು. ಊರಿನ ಬಿದ್ದ ಮನೆಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಜಾತಿ, ಮತ, ಪಕ್ಷಗಳ ಭೇದವು ಆ ಪುಸ್ತಕದಲ್ಲಿ ಬರಕೂಡದು; ನೀರು ಆ ಭೇದವನ್ನು ನೋಡಿ ನುಗ್ಗಲಿಲ್ಲ. ಪ್ರತಿ ಮನೆಯ ಮುಂದೆ ಅರ್ಜಿ ಕೊಟ್ಟ ದಿನ, ಬರೆದ ವರ್ಗ, ಬಂದ ಕಂತು, ಎದ್ದ ಗೋಡೆ ಇವನ್ನು ದಾಖಲಿಸಬೇಕು. ಅಮಾವಾಸ್ಯೆಯ ಶಿವಾನುಭವಗೋಷ್ಠಿಯಲ್ಲಿ ವಚನ ವಿವರಣೆಯಾದ ಬಳಿಕ ಆ ಪುಸ್ತಕವನ್ನು ತೆರೆದು, ಈ ತಿಂಗಳು ಯಾವ ಮನೆಯು ಎಲ್ಲಿ ನಿಂತಿದೆಯೆಂದು ಓದಬೇಕು. ಅರ್ಜಿಯಲ್ಲಿ ನಿಂತ ಮನೆಗೆ ಬರೆಯಬಲ್ಲವನು ಹೋಗಲಿ. ತಳಪಾಯದಲ್ಲಿ ನಿಂತ ಮನೆಗೆ ಮುಯ್ಯಾಳು ಹೋಗಲಿ. ಛಾವಣಿಯಲ್ಲಿ ನಿಂತ ಮನೆಗೆ ಸಿರಿವಂತರ ನೆರವು ಹೋಗಲಿ. ಪಡೆದವನ ಹೆಸರನ್ನು ಸಭೆಯಲ್ಲಿ ಕೂಗಿ ಹೇಳಬೇಕಾದುದಿಲ್ಲ. ಮನೆಯ ಅಂಕಿ ಸಾಕು. ವಚನದ ಅರ್ಥವನ್ನು ಬಾಯಿ ಹೇಳಿದೊಡನೆಯೇ ಕೈಯೂ ಹೇಳಿದಂತಾಗುತ್ತದೆ.

ನುಲಿಯ ಚಂದಯ್ಯನ ಕಥೆಯು ಎಲ್ಲ ಭಕ್ತರಿಗೂ ಪರಿಚಿತವಾದುದು. ಹುಲ್ಲು ಕೊಯ್ಯುವಾಗ ಅವನ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದಿತು. ಚಂದಯ್ಯನು ಕಾಯಕವನ್ನು ನಿಲ್ಲಿಸಲಿಲ್ಲ. ಹುಲ್ಲಿನ ಹೊರೆಯನ್ನು ಹೊತ್ತು ನಡೆದೇ ಬಿಟ್ಟನು. ಲಿಂಗವೇ ಅವನ ಬೆನ್ನು ಹತ್ತಿ ಬಂದಿತೆಂದು ಕಥೆ ಹೇಳುತ್ತದೆ. ನೀರು ಏನನ್ನೇ ಕೊಂಡೊಯ್ದರೂ ಕಾಯಕವನ್ನು ಕೊಂಡೊಯ್ಯಲಾರದೆಂಬುದೇ ಅದರ ತಾತ್ಪರ್ಯ. ಆದರೆ ಕಾಯಕಕ್ಕೆ ಕೈ ಬೇಕು. ಕೈಗೆ ಹುಲ್ಲು ಬೇಕು. ನೆರೆಯಲ್ಲಿ ಎಲ್ಲವನ್ನೂ ಕಳೆದುಕೊಂಡವನಿಗೆ ಆ ಮೊದಲನೆಯ ಹಿಡಿ ಹುಲ್ಲನ್ನು ಒದಗಿಸುವುದು ನೆರೆಯವನ ಧರ್ಮ. ಅದರಿಂದ ಹಗ್ಗವನ್ನು ಹೊಸೆದುಕೊಳ್ಳುವುದು ಪಡೆದವನ ಧರ್ಮ.

ಊರಿಗೆ ನೆರವು ಮುಟ್ಟಿತೋ ಇಲ್ಲವೋ ಎಂಬುದನ್ನು ಬಂದ ಲಾರಿಗಳಿಂದ ಅಳೆಯಲಾಗದು. ಮೊದಲು ಎದ್ದ ಮನೆಯ ಗೃಹಪ್ರವೇಶದಿಂದಲೂ ಅಳೆಯಲಾಗದು. ಪಟ್ಟಿಯಲ್ಲಿ ಕಡೆಯದಾಗಿ ಉಳಿದ ಮನೆಯೊಂದು ಇರುತ್ತದೆ. ಅದು ವಿಧವೆಯದಿರಬಹುದು, ಕೂಲಿಕಾರನದಿರಬಹುದು. ಆ ಮನೆಗೆ ಛಾವಣಿ ಬಿದ್ದು, ಒಲೆಯಲ್ಲಿ ಉರಿ ಹತ್ತಿದ ದಿನವೇ ಊರಿನಿಂದ ನೆರೆ ಇಳಿದ ದಿನ.